ಚೀಲದೊಳಗಿನ ಬೂಟು

"ಜಾಗ ಬುಡ್ರಪ್ಪ, ನಡಿಯಕ್ಕಾಗ್ದಿರೋ ಎಣ್ಮಗ" ಎನ್ನುತ್ತ ಮಹದೇವಯ್ಯ ಮಗಳು ಮಾನಸಳನ್ನು ಬೆನ್ನ ಮೇಲೆ ಹೊತ್ತು ಕೋಟೆ ತಾಲ್ಲೂಕು ಆಸ್ಪತ್ರೆಯ ಜನರ ನಡುವೆ ನುಗ್ಗಿದ.

ಇಪ್ಪತ್ತು ವರ್ಷದ ಮಾನಸಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆರು ತಿಂಗಳು ಪುನರ್ವಸತಿ ಕೇಂದ್ರದಲ್ಲಿ ಬಿದ್ದು ಎದ್ದು ನಡೆಯಲು ಕಲಿತವಳು ಅವಳು. ಅವಳನ್ನು ನಡೆಸುತ್ತಿದ್ದ ಕಬ್ಬಿಣದ ಪಟ್ಟಿಯ ಬೂಟುಗಳನ್ನು ಅಪ್ಪ ಬಸ್ಸಿಳಿದ ಕೂಡಲೇ ಬಿಚ್ಚಿಸಿ ಚೀಲಕ್ಕೆ ತುರುಕಿದ್ದ. ಇವತ್ತು ಅಂಗವಿಕಲರ ಕಾರ್ಡಿನ ತಪಾಸಣೆ. ನಡೆಯುವುದನ್ನು ಡಾಕ್ಟರು ಕಂಡರೆ ಕಾರ್ಡಿನಲ್ಲಿ ಊನದ ಪರ್ಸೆಂಟು ಇಳಿಸುತ್ತಾರೆ, ಪಿಂಚಣಿಗೂ ಕತ್ತರಿ ಬೀಳುತ್ತದೆ ಎಂದು ಅಂತರಸಂತೆಯ ಟೀ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು ಅವನ ಕಿವಿಗೆ ಊದಿದ್ದರು.

"ಇದೊಂದಿನ ಸುಮ್ಕೆ ಬೆನ್ ಮ್ಯಾಲೆ ಕೂತ್ಕವ್ವ" ಎಂದು ಬೇಡಿಕೊಂಡಿದ್ದ. ಇಪ್ಪತ್ತು ವರ್ಷ ಹೊತ್ತ ಬೆನ್ನು ಹಾಗೆ ಕೇಳಿದಾಗ ಒಲ್ಲೆ ಎನ್ನಲು ಅವಳಿಗೂ ಬಾಯಿ ಬಂದಿರಲಿಲ್ಲ.

ಡಾಕ್ಟರ ಕೋಣೆಯ ಬಾಗಿಲಲ್ಲಿ ಹೆಸರು ಕೂಗುತ್ತಿದ್ದವರು ನೀಲಾಂಬಿಕೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ, ತಾವೂ ಊರುಗೋಲಿನವರು. ಮಾನಸಳನ್ನು ಹಟ ಹಿಡಿದು ಕೇಂದ್ರಕ್ಕೆ ಸೇರಿಸಿದ್ದವರೇ ಅವರು. ಸೋಮವಾರದಿಂದ ಒಬ್ಬಳೇ ಬಸ್ಸಿನಲ್ಲಿ ಬರುತ್ತಾಳೆಂದು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಟೈಲರ್ ಅಂಗಡಿಯಲ್ಲಿ ಕೆಲಸಕ್ಕೂ ಹೇಳಿಟ್ಟಿದ್ದರು. ಬೆನ್ನ ಮೇಲಿದ್ದವಳನ್ನು ಕಂಡು ಅವರು ಬೈಯಲಿಲ್ಲ.

"ಸೋಮ್ವಾರನೂ ಇಂಗೇ ಬತ್ತೀಯಾ ಮಾನಸ?" ಎಂದರು, ಅಷ್ಟೇ.

ಮಾನಸಳ ಮುಖ ಕೆಂಪಾಯಿತು. "ಅಪ್ಪ, ಇಳ್ಸು."

"ಪಿಂಚಣಿ ಓಗ್ಬುಡ್ತದೆ ಕಣವ್ವ."

"ಓದ್ರೆ ಓಗ್ಲಿ. ಬಟ್ಟೆ ಒಲೀತೀನಿ. ಬೂಟು ಕೊಡು."

ಬೆಂಚಿನ ಮೇಲೆ ಕುಳಿತು ಅವಳು ಬೆಲ್ಟುಗಳನ್ನು ಒಂದೊಂದಾಗಿ ಬಿಗಿದಳು. ಮಹದೇವಯ್ಯ ಮುಖ ಊದಿಸಿಕೊಂಡು, ಗೋಡೆಯ ಮೇಲಿನ ಪೋಲಿಯೋ ಹನಿಯ ಚಿತ್ರವನ್ನು ಮೊದಲ ಸಲ ನೋಡುವವನಂತೆ ನೋಡುತ್ತ ನಿಂತ. ಅವಳು ಗೋಡೆ ಹಿಡಿದು ಎದ್ದಳು, ಆಮೇಲೆ ಗೋಡೆಯನ್ನೂ ಬಿಟ್ಟಳು. ಬಾಗಿಲಲ್ಲಿ ನೂಕುನುಗ್ಗಲು. ಯಾರದೋ ಮೊಣಕೈ ತಾಗಿ ವಾಲಿದಳು, ಆದರೆ ಬೀಳಲಿಲ್ಲ.

ಚಿತ್ರ ನೋಡುತ್ತಿದ್ದವನ ಕಣ್ಣಿಗೆ ಅದು ಹೇಗೆ ಬಿತ್ತೋ. ಖಾಲಿ ಚೀಲ ಬೀಸುತ್ತ ಅವಳ ಮುಂದಕ್ಕೆ ಓಡಿ, ಒಳಗಿದ್ದ ಡಾಕ್ಟರಿಗೂ ಕೇಳುವ ಹಾಗೆ ಮಹದೇವಯ್ಯ ಕೂಗಿದ:

"ಜಾಗ ಬುಡ್ರಪ್ಪ, ನನ್ ಮಗ್ಳು ನಡ್ಕಂಡ್ ಬತ್ತಾವ್ಳೆ."