ಮೊದಲು ಕಿವಿಗೆ ಬೀಳುವ ಹೆಸರು

“ನಾ ಆ ಹೆಸರು ಹೇಳಂಗಿಲ್ಲ. ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ!”

ನಾಸಿಕ್‌ನಿಂದ ಬಂದ ಚಂಪಾ ಇನ್ನೂ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಬಾಗಿಲಲ್ಲೇ ಜಗಳ ಶುರು. ಕೈಯಲ್ಲಿ ನಿಫಾಡ್ ದ್ರಾಕ್ಷಿಯ ಡಬ್ಬಿ, ಮುಖದ ತುಂಬ ಸಿಟ್ಟು. ತಮ್ಮನ ಮಗಳಿಗೆ ಹೆಸರಿಡುವ ದಿನ ಒಳ್ಳೆಯ ಶಕುನವೇ ಸರಿ.

ಅಶ್ವಿನಿ ಕೂಸನ್ನು ಎದೆಗವಚಿಕೊಂಡು ಹಲ್ಲು ಕಚ್ಚಿದಳು. ವಾಳೂಜ್‌ನ ಈ ಎರಡು ಕೋಣೆಯ ಮನೆಯಲ್ಲಿ ವಾರದಿಂದ ಇದೇ ಪುರಾಣ. ಮಗಳಿಗೆ ತಿಪ್ಪವ್ವ ಎಂದು ಹೆಸರಿಡುತ್ತೇನೆ ಎಂದದ್ದೇ ತಡ, ಎಲ್ಲರಿಗೂ ಬಾಯಿ ಬಂತು. ಪಕ್ಕದ ಮನೆಯ ಮರಾಠಿ ಕಾಕೂಗೆ ಯಾರೋ ಪುಣ್ಯಾತ್ಮರು ತಿಪ್ಪೆ ಎಂದರೇನೆಂದು ತಿಳಿಸಿದ್ದರು. ಆಕೆಯೂ ಮೂಗಿಗೆ ಸೆರಗು ಹಿಡಿದುಕೊಂಡೇ ಬುದ್ಧಿ ಹೇಳಿಹೋದಳು. ಗಂಡ ಶಾಂತಕುಮಾರನಂತೂ ಕಾರ್ಖಾನೆಯಿಂದ ಬಂದವನೇ ಗೋಡೆ ನೋಡುತ್ತ ಕೂರುತ್ತಿದ್ದ. “ಬ್ಯಾರೆ ಯಾವ್ದರ ಇಡು. ಇದೊಂದು ಬ್ಯಾಡ. ಅಕ್ಕ ಸುಮ್ನಿರಂಗಿಲ್ಲ.” ಹೆತ್ತವಳು ಇವಳು, ಯಜಮಾನಿಕೆ ಮಾತ್ರ ಊರಿಗೆಲ್ಲ!

ಅವಳಿಗೇನು ಆ ಹೆಸರಿನ ಮೇಲೆ ಮೋಹವಿರಲಿಲ್ಲ. ಮೊದಲಿನ ಎರಡು ಕೂಸುಗಳೂ ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಹೋಗಿದ್ದವು. ಮೂರನೆಯದು ಹುಟ್ಟಿದಾಗ ಅವಳು ಅತ್ತೆ ನಾಗಮ್ಮನ ಕೈ ಹಿಡಿದು, “ಏನರ ಮಾಡ್ರಿ, ಇದೊಂದನ್ನ ಉಳಿಸ್ಕೊಡ್ರಿ” ಎಂದು ಅತ್ತಿದ್ದಳು. ಆಗ ನಾಗಮ್ಮ ತಮ್ಮ ಊರ ಕಡೆಯ ಪದ್ಧತಿ ಹೇಳಿದಳು. ಕೂಸುಗಳು ಉಳಿಯದ ಮನೆಯಲ್ಲಿ, ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು, ತಿಪ್ಪವ್ವ ಎಂದು ಕರೆಯುತ್ತಿದ್ದರು. ಸಾವು ಹೇಸಿ ದೂರ ನಿಲ್ಲುತ್ತದಂತೆ.

“ಹಂಗ ಹೆಸರಿಟ್ಟ ಕೂಸು ಉಳೀತೇನ್ರಿ, ಅತ್ತಿ?”

“ಊರಾಗ ಒಂದು ಹುಡುಗಿ ಇತ್ತು. ಅದಕ್ಕಿಂತ ಮೊದಲಿನವು ಮೂರು ಹೋಗಿದ್ವು. ಇದು ಉಳೀತು. ಕಲ್ಲಿನಂಗ ಬೆಳೀತು.”

“ಈಗ ಎಲ್ಲಿ ಅದಾಳ್ರಿ?”

“ದೂರ ಹೋದ್ಲವ್ವ.” ನಾಗಮ್ಮ ಒಲೆಯ ಮೇಲಿನ ಹಾಲು ನೋಡಲು ಎದ್ದಳು.

ಅಶ್ವಿನಿಗೆ ಅಷ್ಟೇ ಸಾಕಾಗಿತ್ತು. ಆದರೆ ಕೂಸನ್ನು ತೊಟ್ಟಿಲಿಗೆ ಹಾಕಿ, ಅದರ ಕಿವಿಯಲ್ಲಿ ‘ಕುರ್ರ್’ ಎಂದು ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಹೇಳಿದ್ದೇ ಹೆಸರು. ಇರುವವಳು ಈ ಚಂಪಾ ಒಬ್ಬಳೇ. ಹೋದ ಎರಡೂ ಕೂಸುಗಳಿಗೆ ಅವಳೇ ಹುಡುಕಿ ಹುಡುಕಿ ಚೆಂದದ ಹೆಸರು ಇಟ್ಟಿದ್ದಳು. ಈ ಸಲ ಹರ್ಷಿಣಿ ಅಂತೆ. ಹೆಸರು ಕೆತ್ತಿಸಿದ ಬೆಳ್ಳಿ ಬಟ್ಟಲೂ ಬಂದಿತ್ತು. ನಾಸಿಕ್‌ನಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳಿಗೆ ಎಲ್ಲವೂ ಚೆಂದವೇ ಇರಬೇಕು. ಗೋಡೆಯ ಫೋಟೊದಲ್ಲಿ ಮದುಮಗಳಾಗಿ, ಮರಾಠಿ ಗಂಡನ ಪಕ್ಕ, ಅಕ್ಕಿ ಹರಡಿದ ತಟ್ಟೆಯ ಮುಂದೆ ಕುಳಿತು ನಗುತ್ತಿದ್ದವಳೂ ಅವಳೇ.

“ಏ ಹುಡುಗಿ, ಮೊದಲ ಚಾ ಕುಡಿ,” ಎಂದಳು ನಾಗಮ್ಮ. ನಲವತ್ತು ದಾಟಿದ ಮಗಳನ್ನು ಅವಳು ಕರೆಯುವುದೇ ಹಾಗೆ.

“ಚಾ ರಾಹೂ ದೇ, ಇರ್ಲಿ ಬಿಡು ಅವ್ವಾ!” ಚಂಪಾ ಅಶ್ವಿನಿಯ ಕಡೆ ತಿರುಗಿದಳು. “ಸಾಲ್ಯಾಗ ಹಾಜರಿ ಕರದಾಗ ಪೋರಗೋಳೆಲ್ಲಾ ಮೂಗು ಮುಚ್ಕೊಂಡು ನಗ್ತಾವ. ಒಂದಿನ ಅಲ್ಲ, ದಿನಾ! ಮದುವಿ ದಿನ ಗಂಡ ತಟ್ಟ್ಯಾಗಿನ ಅಕ್ಕಿ ಮ್ಯಾಲ ಬ್ಯಾರೆ ಹೆಸರು ಬರದು ಪಾರು ಮಾಡೋತನಕ ಆ ಹುಡುಗಿ ತಲಿ ಎತ್ತಂಗಿಲ್ಲ. ನಿನಗೇನ್ ಗೊತ್ತು?”

ಅಶ್ವಿನಿಯ ತಾಳ್ಮೆ ತೀರಿತು.

“ನಗ್ಲಿ ಬಿಡ್ರಿ, ಅಕ್ಕಾರ! ನಗಿಸ್ಕೊಂಡರ ಬದುಕ್ಲಿ. ಚೆಂದನ್ನ ಹೆಸರಿಟ್ಟವು ಎರಡೂ ಮಣ್ಣಾಗ ಹೋದ್ವು. ಆ ಹೆಸರಿನಾಕಿ ಒಬ್ಬಾಕಿ ಬದುಕ್ಯಾಳಂತ. ಆಕಿ ಯಾರೋ, ಎಲ್ಲಿ ಅದಾಳೋ, ನನಗ ಗೊತ್ತಿಲ್ಲ. ಸಿಕ್ರ ಕಾಲಿಗೆ ಬೀಳ್ತೀನಿ. ಈ ಕೂಸಿನ್ನ ಆಕಿ ಉಡ್ಯಾಗ ಹಾಕಿ, ನಿನ್ನಂಗ ಬದುಕು ಅಂತ ಹರಸವ್ವಾ ಅಂತೀನಿ!”

ಚಂಪಾ ತಿರುಗಿ ತಾಯಿಯ ಕಡೆ ನೋಡಿದಳು. ನಾಗಮ್ಮ ತಲೆ ಎತ್ತದೆ ಗುಗ್ಗರಿಗೆ ನೆನೆಹಾಕಿದ್ದ ಕಡಲೆ ತೊಳೆಯುತ್ತಿದ್ದಳು. ಚಹಾ ಆರಿ ಕೆನೆಗಟ್ಟಿತು.

ಮಧ್ಯಾಹ್ನ ಓಣಿಯ ಹೆಂಗಸರು ಸೇರಿದರು. ಹರ್ಷಿಣಿ ಎಂಬ ಮಾತು ಬಂದರೆ ಕೂಸನ್ನೆತ್ತಿಕೊಂಡು ತವರಿಗೆ ನಡೆದುಬಿಡುವುದೆಂದು ಅಶ್ವಿನಿ ನಿಶ್ಚಯಿಸಿದ್ದಳು. ಚೀಲವನ್ನು ಬಾಗಿಲ ಹಿಂದೆಯೇ ಇಟ್ಟಿದ್ದಳು. ಯಾರ ಮುಲಾಜೂ ಸಾಕಾಗಿತ್ತು.

ಚಂಪಾ ತೊಟ್ಟಿಲ ಮೇಲೆ ಬಾಗಿದಳು. “ಕುರ್ರ್…” ಎಂದಳು. ಹೆಸರು ಹೇಳಿದೊಡನೆ ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಲು ಎತ್ತಿದ ಕೈಗಳು ಎತ್ತಿದಂತೆಯೇ ಕಾದವು. ಅಶ್ವಿನಿಯ ಕಣ್ಣು ಚೀಲದ ಕಡೆ ಹೋಯಿತು.

“ತಿಪ್ಪವ್ವ,” ಎಂದಳು ಚಂಪಾ. ಮತ್ತೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, “ತಿಪ್ಪವ್ವ!”

ಧಬಧಬ ಗುದ್ದು ಬಿದ್ದವು. ಕಾಕೂ ಕಿಸಕ್ಕೆಂದಳು, ಚಂಪಾ ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. ಚಂಪಾಳ ಕೆನ್ನೆ ಒದ್ದೆಯಾಗಿತ್ತು. ಸೋತ ಸಿಟ್ಟಿಗೆ ಅಳುತ್ತಿದ್ದಾಳೆ, ಅಳಲಿ ಎಂದುಕೊಂಡಳು ಅಶ್ವಿನಿ. ಪಾಪ ಎನ್ನಿಸುವಷ್ಟು ಸಮಾಧಾನ ಅವಳಲ್ಲಿ ಉಳಿದಿರಲಿಲ್ಲ.

ಅಡುಗೆಮನೆಯಿಂದ ನಾಗಮ್ಮ ಕೂಗಿದಳು. “ತಿಪ್ಪವ್ವಾ, ಬಾ ಇಲ್ಲಿ. ಮಂದಿಗೆ ಗುಗ್ಗರಿ ಕೊಡು.”

ಹೆಂಗಸರು ಗೊಳ್ಳೆಂದು ನಕ್ಕರು. ಮುದುಕಿಗೆ ಅರಳುಮರುಳು, ತೊಟ್ಟಿಲಲ್ಲಿ ಮಲಗಿದ ಕೂಸು ಗುಗ್ಗರಿ ಹಂಚುವುದುಂಟೆ?

“ಬಂದೆ ಅವ್ವಾ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಚಂಪಾ ಎದ್ದಳು.