ಚುಕ್ಕಿಗಳ ಹಿಂದಿನ ಹೆಸರು

"ಪಾಸ್‌ವರ್ಡ್ ತಪ್ಪಾಗಿದೆ" ಎಂದು ಪರದೆ ಮತ್ತೆ ಹೇಳಿದಾಗ, ಫೋಟೋ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕುಳಿತಿದ್ದ ಹಿರಿಯ ಓರಗಿತ್ತಿ ಅದನ್ನೇ ಇನ್ನೊಮ್ಮೆ ಒತ್ತಿದಳು. ಬೆನ್ನ ಹಿಂದೆ ನಿಂತಿದ್ದ ಕಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷ.

ಬೆಳಿಗ್ಗೆ ಹೊಸ ಸಿಸ್ಟಮ್ ಇನ್‌ಸ್ಟಾಲ್ ಮಾಡುವಾಗ ಹಿರಿಯವಳು ಭಾಷೆ ಕನ್ನಡ ಎಂದು ಆರಿಸಿ, ಕೀಬೋರ್ಡನ್ನೂ ಕನ್ನಡಕ್ಕೆ ತಿರುಗಿಸಿ, ಡಿಸ್ಕಿನ ಬೀಗಕ್ಕೆ ಕನ್ನಡದಲ್ಲೇ ಪಾಸ್‌ವರ್ಡ್ ಒತ್ತಿದ್ದಳು. ಆದರೆ ಕಂಪ್ಯೂಟರ್ ಮತ್ತೆ ಆನ್ ಆದಾಗ ಬರುವ ಬೀಗದ ಪರದೆಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ತಿಳಿಯದು; ಬರೀ ಚುಕ್ಕಿ ಮೂಡುವುದರಿಂದ ಒತ್ತಿದವರಿಗೂ ಅದು ಗೊತ್ತಾಗದು. ಕಂಪ್ಯೂಟರ್ ರಿಪೇರಿಯೇ ಕಸುಬಾಗಿದ್ದ ಕಿರಿಯವಳು ಹೇಳಲು ಹೋಗಿದ್ದಳು. "ನಿನ್ನನ್ನ ಯಾರು ಕೇಳಿದ್ರು? ಎಲ್ಲದಕ್ಕೂ ಮೂಗು ತೂರಿಸ್ಬೇಡ" ಎಂದು ಗಿರಾಕಿಗಳ ಮುಂದೆಯೇ ಬೈಸಿಕೊಂಡ ಮೇಲೆ ತೆಪ್ಪಗಾದಳು. ಅನುಭವಿಸಲಿ ಎಂದುಕೊಂಡಳು.

"ಅದೇ ಕಣೇ ನಾನು ಹಾಕಿದ್ದು," ಎಂದಳು ಹಿರಿಯವಳು. "ನನ್ನ ಮಗೂ ಹೆಸರು. ಅವಳು ಹೋದ್ಮೇಲೆ ಬಾಯಲ್ಲಿ ಹೇಳೋಕೇ ಆಗ್ತಿಲ್ಲ. ದಿನಾ ಬೆರಳಲ್ಲಾದ್ರೂ ಬರೀಬಹುದಲ್ಲ ಅಂತ... ಆಫ್ ಮಾಡೋಕೆ ಮುಂಚೆನೇ ಹಳೇ ಡಿಸ್ಕಿಂದ ಅವಳ ಫೋಟೋ ಎಲ್ಲಾ ಇದಕ್ಕೇ ತುಂಬಿ, ಅದನ್ನ ಅಳಿಸಿಬಿಟ್ಟೆ. ಬೇರೆ ಎಲ್ಲೂ ಇಲ್ಲ."

ಕನ್ನಡದಲ್ಲೇ ಪಾಸ್‌ವರ್ಡ್ ಒತ್ತಿ ಆ ಬೀಗ ತೆಗೆಯಲು ಬಿಡುವ ಪೆನ್‌ಡ್ರೈವ್ ಕಿರಿಯವಳ ಬ್ಯಾಗಿನಲ್ಲೇ ಇತ್ತು. ಕೈ ತಾನಾಗಿ ಅದರತ್ತ ಹೋಯಿತು. ಗಿರಾಕಿಗಳು ಮುಸಿಮುಸಿ ನಕ್ಕಿದ್ದು ನೆನಪಾಯಿತು. ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು.

"ಇನ್ನೊಂದ್ಸಲ ಹಾಕಿ ನೋಡಿ, ಅಕ್ಕ," ಎಂದಳು ಮೆಲ್ಲಗೆ. "ಮಗು ಹೆಸರು ಸರಿಯಾಗಿ ನೆನಪಿದೆ ತಾನೇ?"