ತಪ್ಪಾತು

ಸೆರೆಯಾಳುಗಳನ್ನು ಕೊಂದವರೆಲ್ಲ ಬಾಯಿಬಿಟ್ಟು ಒಪ್ಪಿಕೊಂಡು, ಸತ್ತವರ ತಾಯಂದಿರು ಅದನ್ನು ಒಪ್ಪಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ನಾಡನ್ನು ನೆರೆದೇಶಗಳ ಒಕ್ಕೂಟ ಸೇರಿಸಿಕೊಳ್ಳುತ್ತಿತ್ತು. ಗಡಿಯ ಬಾಗಿಲೂ ಆಗ ಮಾತ್ರ ತೆರೆಯುತ್ತಿತ್ತು. ಇನ್ನು ಹೆಬ್ಬೆಟ್ಟು ಒತ್ತದೆ ಉಳಿದವಳು ನಿಂಬವ್ವ ಒಬ್ಬಳೇ. ಅವಳ ಮೊಮ್ಮಗಳ ಔಷಧವೂ ಗಡಿಯಾಚೆಗೇ ಇತ್ತು.

ಅವಳ ಮಗನನ್ನು ಕೊಂದ ಕ್ಯಾಪ್ಟನ್ ಅಡವೆಪ್ಪ ಕೈಮುಗಿದ. “ತಪ್ಪಾತು, ಯವ್ವಾ.”

“ಮಳಿ ಆಕ್ಕೈತಿ, ಬೆಳಿ ಆಕ್ಕೈತಿ. ತಪ್ಪು ತಾನಾಗೇ ಆಕ್ಕೈತೇನು? ಯಾರು ಮಾಡಿದ್ರು?”

“ಒತ್ತಬೇ ಮುದುಕಿ, ಬಿಸಲಾಗ ಸಾಯಾಕತ್ತೀವಿ!” ಬಾಗಿಲ ಮುಂದಿನ ಸಾಲಿನಿಂದ ಯಾರೋ ಕೂಗಿದರು.

ನಿಂಬವ್ವ ಮೊಮ್ಮಗಳನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದಳು. “ಕುಂಡ್ರಪಾ. ನಿನ್ನ ನಾಲಗಿ ಹೊರಳೂತನಕ ನಾನೂ ಕುಂಡ್ರತೀನಿ.”

ಅಡವೆಪ್ಪ ಕೂತ. ಬಿಸಿಲು ಇಳಿದ ಮೇಲೆ ಅವನ ಬಾಯಿಂದ “ನಾನು...” ಎಂಬ ಮಾತು ಬಂತು.

“ಹೂಂ, ನೀನು. ಮುಂದ ಹೇಳು,” ಎಂದಳು ನಿಂಬವ್ವ.